ಲೋಕಲ್‌ಹೋಸ್ಟ್‌ನಲ್ಲಿ ಓಡಿತು, ಕ್ಲಸ್ಟರ್‌ನಲ್ಲಿ ಮುಗ್ಗರಿಸಿತು: ಕೈಂಡ್ ಮೇಲೆ ಒಂದು ವೆಬ್ ಸೇವೆಯ ಪ್ರಕರಣ

ಇದು ಒಂದು ಸಣ್ಣ ವೆಬ್ ಸೇವೆಯ ಪ್ರಕರಣ. ಗ್ರಂಥಾಲಯದ ಕನ್ನಡ ಪುಸ್ತಕಗಳ ಪಟ್ಟಿಯಲ್ಲಿ ಶೀರ್ಷಿಕೆ ಅಥವಾ ಲೇಖಕರ ಹೆಸರು ಹುಡುಕಿ ಉತ್ತರ ಕೊಡುವುದಷ್ಟೇ ಅದರ ಕೆಲಸ. ಬರೆದದ್ದು ಪೈಥಾನ್‌ನ ವೆಬ್ ಚೌಕಟ್ಟಾದ ಫ್ಲಾಸ್ಕ್‌ನಲ್ಲಿ, ಓಡುವುದು ಗುನಿಕಾರ್ನ್ ಎಂಬ ವೆಬ್ ಸರ್ವರ್ ಅಡಿಯಲ್ಲಿ. ಡೇಟಾ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಪದೇಪದೇ ಬರುವ ಹುಡುಕಾಟಗಳಿಗೆ ಆಮೇಲೆ ಉತ್ತರಗಳನ್ನು ನೆನಪಿಟ್ಟುಕೊಳ್ಳುವ ರೆಡಿಸ್ ಕ್ಯಾಶ್ ಸೇರಿಸಲಾಯಿತು. ಲ್ಯಾಪ್‌ಟಾಪ್ ಮೇಲೆ ನೇರವಾಗಿ ಗುನಿಕಾರ್ನ್ ಚಾಲೂ ಮಾಡಿ ಬ್ರೌಸರ್‌ನಲ್ಲಿ 8000 ಪೋರ್ಟ್ ತೆರೆದರೆ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಮುಂದೆ ನಿಜವಾದ ಕುಬರ್ನೆಟೀಸ್ ಕ್ಲಸ್ಟರ್‌ಗೆ (ಕಂಟೇನರ್‌ಗಳೆಂಬ ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಪ್ರೋಗ್ರಾಂ ಓಡಿಸುವ ಯಂತ್ರಗಳ ಗುಂಪಿಗೆ) ಹೋಗಬೇಕಾದ್ದರಿಂದ, ಮೊದಲು ಲ್ಯಾಪ್‌ಟಾಪ್‌ನಲ್ಲೇ ಒಂದು ಕ್ಲಸ್ಟರ್ ಕಟ್ಟಿ, ಏನನ್ನು ಹೇಗೆ ಓಡಿಸಬೇಕೆಂದು ಕ್ಲಸ್ಟರ್‌ಗೆ ಹೇಳುವ ಯಾಮಲ್ ಫೈಲ್‌ಗಳನ್ನು ಅಲ್ಲಿ ಪಳಗಿಸುವುದೆಂದು ತೀರ್ಮಾನವಾಯಿತು.

ಕೋಡ್‌ನ ತರ್ಕದಲ್ಲಿ ಎಲ್ಲೂ ದೋಷವಿರಲಿಲ್ಲ. ಹೆಚ್ಚಿನ ತೊಂದರೆ ಬಂದದ್ದು ಒಂದು ಭಾಗ ಇನ್ನೊಂದನ್ನು ಯಾವ ಹೆಸರಿನಿಂದ, ಯಾವ ವಿಳಾಸದಲ್ಲಿ ಕರೆಯುತ್ತದೆ ಎಂಬಲ್ಲಿ. ಅದರಲ್ಲೂ ದೊಡ್ಡ ಪಾಲು ‘ಲೋಕಲ್‌ಹೋಸ್ಟ್’ (127.0.0.1, ‘ನಾನಿರುವ ಯಂತ್ರವೇ’ ಎಂಬರ್ಥದ ವಿಳಾಸ) ಎಂದರೆ ಯಾರ ಲೋಕಲ್‌ಹೋಸ್ಟ್ ಎಂಬ ಗೊಂದಲದ್ದು.

ಕ್ಲಸ್ಟರ್ ಕಟ್ಟಿದ ಬಗೆ

ಲ್ಯಾಪ್‌ಟಾಪ್ ಕ್ಲಸ್ಟರ್‌ಗೆ ಮಿನಿಕ್ಯೂಬ್, ಕೆ3ಡಿ, ಕೈಂಡ್ ಮೂರೂ ಬಳಕೆಯಲ್ಲಿವೆ. ಇಲ್ಲಿ ಆರಿಸಿದ್ದು ಕೈಂಡ್. ಇದರಲ್ಲಿ ಕುಬರ್ನೆಟೀಸ್‌ನ ಪ್ರತಿ ನೋಡ್ (ಕ್ಲಸ್ಟರ್‌ನ ಯಂತ್ರ) ಕೂಡ ಒಂದು ಡಾಕರ್ ಕಂಟೇನರ್. ಆ ಕಂಟೇನರ್‌ನ ಹೊಟ್ಟೆಯೊಳಗೆ ಕಂಟೇನರ್‌ಗಳನ್ನು ಓಡಿಸುವ ಕಂಟೇನರ್‌ಡಿ ಮತ್ತು ನೋಡ್‌ನ ಮೇಲ್ವಿಚಾರಕ ಕ್ಯೂಬ್‌ಲೆಟ್ ಓಡುತ್ತವೆ, ನಮ್ಮ ಪಾಡ್‌ಗಳು (ಸೇವೆಯ ಕಂಟೇನರ್ ಇರುವ ಘಟಕಗಳು) ಅದರೊಳಗೆ ಹುಟ್ಟುತ್ತವೆ. ಕಂಟೇನರ್ ಒಳಗೆ ಕಂಟೇನರ್ ಎಂಬ ಈ ಎರಡು ಅಂತಸ್ತನ್ನು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನದು ಅರ್ಥವಾಗುತ್ತದೆ, ಮರೆತರೆ ಯಾವುದೂ ಅರ್ಥವಾಗುವುದಿಲ್ಲ.

ಕೈಂಡ್‌ಗೆ ಕೊಟ್ಟ ಸಂರಚನೆಯಲ್ಲಿ ಇದ್ದದ್ದು ಒಂದೇ ನೋಡ್, ಒಂದೇ ಪೋರ್ಟ್ ಜೋಡಣೆ. ‘ಎಕ್ಸ್‌ಟ್ರಾಪೋರ್ಟ್‌ಮ್ಯಾಪಿಂಗ್ಸ್’ ಅಡಿಯಲ್ಲಿ ಕಂಟೇನರ್‌ಪೋರ್ಟ್ 30080, ಹೋಸ್ಟ್‌ಪೋರ್ಟ್ 8080. ಪಾಡ್‌ಗಳ ಮುಂದೆ ನಿಂತು ಕರೆಗಳನ್ನು ಅವಕ್ಕೆ ತಿರುಗಿಸುವ ಸ್ಥಿರ ವಿಳಾಸಕ್ಕೆ ಕುಬರ್ನೆಟೀಸ್‌ನಲ್ಲಿ ‘ಸರ್ವಿಸ್’ ಎಂದು ಹೆಸರು (ಇದು ನಮ್ಮ ‘ಸೇವೆ’ಯಲ್ಲ). ನೋಡ್‌ನದೇ ಒಂದು ಪೋರ್ಟ್ ತೆರೆಯುವ ನೋಡ್‌ಪೋರ್ಟ್ ಮಾದರಿಯ ಸರ್ವಿಸ್‌ಗೆ ಕುಬರ್ನೆಟೀಸ್ ಮೀಸಲಿಟ್ಟಿರುವ ವ್ಯಾಪ್ತಿ 30000ದಿಂದ 32767. ಅದರಲ್ಲಿ ಒಂದನ್ನು ಹಿಡಿದು, ಸರ್ವಿಸ್‌ನ ಯಾಮಲ್‌ನಲ್ಲೂ ಅದೇ 30080 ಅನ್ನು ಕೈಯಾರೆ ಬರೆಯಬೇಕು. ಬರೆಯದೆ ಬಿಟ್ಟರೆ ಕುಬರ್ನೆಟೀಸ್ ತನಗಿಷ್ಟ ಬಂದ ಸಂಖ್ಯೆ ಕೊಡುತ್ತದೆ, ಜೋಡಣೆ ತಪ್ಪುತ್ತದೆ. ಇಂಗ್ರೆಸ್ (ಹೊರಗಿನ ವೆಬ್ ಕರೆಗಳನ್ನು ಸೇವೆಗಳಿಗೆ ಹಂಚುವ ಪದರ) ಬೇಕೆಂದು ಅನೇಕರು ಮೊದಲ ದಿನವೇ ಹೊರಡುತ್ತಾರೆ. ಒಂದೇ ಸೇವೆ ಇರುವ ಕಡೆ ಅದು ಅನಾವಶ್ಯಕ ಪದರ, ನೋಡ್‌ಪೋರ್ಟ್ ಸಾಕು.

ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ನೋಡ್‌ಗಳ ಸಂಖ್ಯೆ ಹೆಚ್ಚಿಸಿದಾಗ ‘ಟೂ ಮೆನಿ ಓಪನ್ ಫೈಲ್ಸ್’ ಎಂಬ ದೂರಿನೊಂದಿಗೆ ವ್ಯವಸ್ಥೆಯ ಪಾಡ್‌ಗಳೇ ಬೀಳುವುದುಂಟು. ಅದು ಫೈಲ್ ಬದಲಾವಣೆಗಳನ್ನು ಗಮನಿಸುವ ಐನೋಟಿಫೈನ ಮಿತಿಯ ಸಮಸ್ಯೆ. ಸಿಸ್‌ಕಂಟ್ರೋಲ್‌ನಲ್ಲಿ ವಾಚ್‌ಗಳ ಮಿತಿಯನ್ನು 524288ಕ್ಕೆ, ಇನ್‌ಸ್ಟನ್ಸ್‌ಗಳ ಮಿತಿಯನ್ನು 512ಕ್ಕೆ ಏರಿಸಿದರೆ ಮುಗಿಯಿತು.

ಸೇವೆಗೆ ‘ಪುಸ್ತಕ’ ಎಂಬ ಪ್ರತ್ಯೇಕ ನೇಮ್‌ಸ್ಪೇಸ್ (ಕ್ಲಸ್ಟರ್ ಒಳಗಿನ ವಿಭಾಗ) ಮಾಡಿ, ಚಾಲ್ತಿ ಕಾಂಟೆಕ್ಸ್ಟ್‌ಗೆ ಅದನ್ನೇ ಪೂರ್ವನಿಯೋಜಿತವಾಗಿ ಹೊಂದಿಸಲಾಯಿತು. ಇದನ್ನು ಮಾಡದೆ ಪ್ರತಿ ಆದೇಶಕ್ಕೂ ನೇಮ್‌ಸ್ಪೇಸ್ ಹೆಸರು ಹಚ್ಚುತ್ತಾ ಹೋದರೆ ಒಂದಲ್ಲ ಒಂದು ಸಲ ಮರೆತು, ಡೇಟಾಬೇಸ್ ‘ಡಿಫಾಲ್ಟ್’ನಲ್ಲಿ, ಸೇವೆ ‘ಪುಸ್ತಕ’ದಲ್ಲಿ ಹೋಗಿ ಕೂರುತ್ತವೆ. ಡೇಟಾಬೇಸ್‌ನ ಸರ್ವಿಸ್‌ಗೆ ಇಟ್ಟ ‘ಡಿಬಿ’ ಎಂಬ ಚಿಕ್ಕ ಹೆಸರು ಅದೇ ನೇಮ್‌ಸ್ಪೇಸ್ ಒಳಗಷ್ಟೇ ಬಿಡಿಸಿಕೊಳ್ಳುತ್ತದೆ; ಬೇರೆ ಮನೆಯಲ್ಲಿರುವುದನ್ನು ಕರೆಯಲು ‘ಡಿಬಿ.ಡಿಫಾಲ್ಟ್’ ಎಂದು ನೇಮ್‌ಸ್ಪೇಸ್ ಸೇರಿಸಿ ಹೇಳಬೇಕು.

ಇಮೇಜ್ ಇದೆ, ಆದರೂ ಸಿಗುತ್ತಿಲ್ಲ

ಡಾಕರ್ ಬಿಲ್ಡ್‌ನಿಂದ ಸೇವೆಯ ಇಮೇಜ್ (ಕಂಟೇನರ್‌ನ ಅಚ್ಚು) ಕಟ್ಟಿ ಮುಗಿಸಿ, ಪಾಡ್‌ಗಳನ್ನು ಎಬ್ಬಿಸಿ ಕಾಯುವ ಡಿಪ್ಲಾಯ್‌ಮೆಂಟ್ ಅಪ್ಲೈ ಮಾಡಿದ ಕೂಡಲೇ ಪಾಡ್ ‘ಇಮೇಜ್‌ಪುಲ್‌ಬ್ಯಾಕ್‌ಆಫ್’ ತೋರಿಸಿತು. ಲ್ಯಾಪ್‌ಟಾಪ್‌ನಲ್ಲಿ ‘ಡಾಕರ್ ಇಮೇಜಸ್’ ಎಂದರೆ ಇಮೇಜ್ ಕಣ್ಣೆದುರೇ ಇದೆ. ಕಾರಣ ಸರಳ: ಲ್ಯಾಪ್‌ಟಾಪ್‌ನ ಡಾಕರ್ ಉಗ್ರಾಣ ಬೇರೆ, ನೋಡ್ ಕಂಟೇನರ್ ಒಳಗಿನ ಕಂಟೇನರ್‌ಡಿ ಉಗ್ರಾಣ ಬೇರೆ. ‘ಕೈಂಡ್ ಲೋಡ್ ಡಾಕರ್-ಇಮೇಜ್’ ಆದೇಶದಿಂದ ಅದನ್ನು ಒಳಗೆ ದಾಟಿಸಬೇಕು. ಕ್ಲಸ್ಟರ್‌ಗೆ ಬೇರೆ ಹೆಸರು ಇಟ್ಟಿದ್ದರೆ ‘ನೇಮ್’ ಫ್ಲ್ಯಾಗ್ ಕೂಡ ಕೊಡಬೇಕು. ದಾಟಿತೋ ಇಲ್ಲವೋ ಎಂದು ನೋಡಲು ನೋಡ್ ಕಂಟೇನರ್ ಒಳಗೆ ‘ಕ್ರೈಸಿಟಿಎಲ್ ಇಮೇಜಸ್’ ಓಡಿಸಿ.

ದಾಟಿಸಿದ ಮೇಲೂ ಅದೇ ದೋಷ. ಕ್ಲಸ್ಟರ್‌ಗೆ ಆದೇಶ ಕೊಡುವ ಉಪಕರಣವಾದ ಕ್ಯೂಬ್‌ಸಿಟಿಎಲ್‌ನ ‘ಡಿಸ್ಕ್ರೈಬ್’ ಕೊನೆಯಲ್ಲಿ ಬರುವ ಈವೆಂಟ್‌ಗಳನ್ನು ಓದಿದರೆ ಕ್ಲಸ್ಟರ್ ಇಮೇಜನ್ನು ಸಾರ್ವಜನಿಕ ಉಗ್ರಾಣವಾದ ಡಾಕರ್ ಹಬ್‌ನಲ್ಲಿ ಹುಡುಕುತ್ತಿತ್ತು, ಅಲ್ಲಿ ಆ ಹೆಸರಿನ ರೆಪಾಸಿಟರಿ ಇಲ್ಲವೆಂಬ ಉತ್ತರ ಪಡೆಯುತ್ತಿತ್ತು. ಟ್ಯಾಗ್ ‘ಲೇಟೆಸ್ಟ್’ ಆಗಿದ್ದರೆ, ಅಥವಾ ಟ್ಯಾಗೇ ಇಲ್ಲದಿದ್ದರೆ, ‘ಇಮೇಜ್‌ಪುಲ್‌ಪಾಲಿಸಿ’ ತಾನಾಗಿ ‘ಆಲ್ವೇಸ್’ (ಪ್ರತಿ ಸಲ ಹೊರಗಿನ ಉಗ್ರಾಣವನ್ನು ಕೇಳು) ಆಗುತ್ತದೆ. ಬೇರೆ ಟ್ಯಾಗ್ ಇದ್ದರೆ ‘ಇಫ್‌ನಾಟ್‌ಪ್ರೆಸೆಂಟ್’ (ಇಲ್ಲದಿದ್ದರೆ ಮಾತ್ರ ತಾ). ಹಾಗಾಗಿ 0.1, 0.2 ಎಂದು ಪ್ರತಿ ಬಿಲ್ಡ್‌ಗೂ ಹೊಸ ಸಂಖ್ಯೆ ಕೊಡುವ ಪದ್ಧತಿ ಶುರುವಾಯಿತು. ಪಾಲಿಸಿಯನ್ನು ಬರೆದು ಸರಿಪಡಿಸುವುದಕ್ಕಿಂತ ಇದೇ ಮೇಲು. ಒಂದೇ ಟ್ಯಾಗ್ ಮೇಲೆ ಹೊಸ ಬಿಲ್ಡ್ ಲೋಡ್ ಮಾಡಿದರೆ ಓಡುತ್ತಿರುವ ಪಾಡ್ ಹಳೆಯದರಲ್ಲೇ ಇರುತ್ತದೆ, ಯಾಮಲ್ ಬದಲಾಗದ ಕಾರಣ ಅಪ್ಲೈ ‘ಅನ್‌ಚೇಂಜ್ಡ್’ ಎನ್ನುತ್ತದೆ, ಮಾಡಿದ ತಿದ್ದುಪಡಿ ಕೆಲಸ ಮಾಡುತ್ತಿಲ್ಲವೆಂದು ಕೋಡ್‌ನಲ್ಲಿ ವೃಥಾ ಹುಡುಕಾಟ ನಡೆಯುತ್ತದೆ.

ಆಪಲ್ ಸಿಲಿಕಾನ್ ಮ್ಯಾಕ್‌ನಲ್ಲಿ ಕಟ್ಟಿದ ಇಮೇಜನ್ನು ಇಂಟೆಲ್ ಯಂತ್ರಕ್ಕೆ ಕೊಟ್ಟರೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಬರುತ್ತದೆ. ಅದು ಇಮೇಜ್ ದಾಟದ ಸಮಸ್ಯೆಯಲ್ಲ, ಪ್ರೊಸೆಸರ್ ಬಗೆಯದು; ಬಿಲ್ಡ್ ಮಾಡುವಾಗಲೇ ‘ಪ್ಲಾಟ್‌ಫಾರ್ಮ್’ ಹೇಳಬೇಕು.

ಪೋರ್ಟ್-ಫಾರ್ವರ್ಡ್ ಕೊಟ್ಟ ಹುಸಿ ಧೈರ್ಯ

ಈಗ ಪಾಡ್ ‘ರನ್ನಿಂಗ್’, ರೆಡಿ ಅಂಕಣದಲ್ಲಿ 1/1. ‘ಕ್ಯೂಬ್‌ಸಿಟಿಎಲ್ ಪೋರ್ಟ್-ಫಾರ್ವರ್ಡ್’ ಮೂಲಕ 9000ವನ್ನು ಪಾಡ್‌ನ 8000ಕ್ಕೆ ಜೋಡಿಸಿ ನೋಡಿದರೆ ಪುಟ ಬಂತು. ಆದರೆ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ 8080 ತೆರೆದರೆ ‘ಕನೆಕ್ಷನ್ ರೀಸೆಟ್’. ಪಾಡ್ ಬದಲು ಸರ್ವಿಸ್ ಹೆಸರು ಕೊಟ್ಟು ಪೋರ್ಟ್-ಫಾರ್ವರ್ಡ್ ಮಾಡಿದರೂ ಪುಟ ಬಂತು. ಇಲ್ಲಿ ಯಾರಿಗಾದರೂ ಅನ್ನಿಸುವುದು, ಸೇವೆ ಸರಿಯಿದೆ, ಸರ್ವಿಸ್ ಸರಿಯಿದೆ, ಕೈಂಡ್‌ನ ಪೋರ್ಟ್ ಜೋಡಣೆಯಲ್ಲೇ ಏನೋ ಐಬು. ಆ ದಾರಿಯಲ್ಲಿ ಹೋದರೆ ಕ್ಲಸ್ಟರ್ ಅಳಿಸಿ ಮತ್ತೆ ಕಟ್ಟುವುದೊಂದೇ ಉಳಿಯುತ್ತದೆ, ಕಟ್ಟಿದ ಮೇಲೂ ಅದೇ ಪಾಡು.

ಎರಡು ದಾರಿಗಳನ್ನು ಬಿಡಿಸಿ ನೋಡಿ. ಬ್ರೌಸರ್‌ನ ವಿನಂತಿ ಲ್ಯಾಪ್‌ಟಾಪ್‌ನ 8080ಕ್ಕೆ ಬರುತ್ತದೆ, ಡಾಕರ್ ಅದನ್ನು ನೋಡ್ ಕಂಟೇನರ್‌ನ 30080ಕ್ಕೆ ಒಯ್ಯುತ್ತದೆ, ಅಲ್ಲಿ ಸರ್ವಿಸ್‌ಗಳ ದಾರಿ ನೋಡಿಕೊಳ್ಳುವ ಕ್ಯೂಬ್-ಪ್ರಾಕ್ಸಿ ಹಾಕಿಟ್ಟ ನಿಯಮಗಳು ಅದನ್ನು ಪಾಡ್‌ನ ಐಪಿಗೆ, ಅಂದರೆ 10.244ರಿಂದ ಶುರುವಾಗುವ ವಿಳಾಸದ 8000 ಪೋರ್ಟ್‌ಗೆ ತಿರುಗಿಸುತ್ತವೆ. ಪೋರ್ಟ್-ಫಾರ್ವರ್ಡ್‌ನದು ಪೂರ್ತಿ ಬೇರೆ ದಾರಿ. ಕ್ಲಸ್ಟರ್‌ನ ಹೆಬ್ಬಾಗಿಲಾದ ಎಪಿಐ ಸರ್ವರ್, ಕ್ಯೂಬ್‌ಲೆಟ್, ಕಂಟೇನರ್‌ಡಿ ಮೂಲಕ ಹೋಗಿ ಅದು ಪಾಡ್‌ನ ನೆಟ್‌ವರ್ಕ್ ಒಳಗೇ ಇಳಿಯುತ್ತದೆ; ಅಲ್ಲಿಂದ ಪಾಡ್‌ನದೇ 127.0.0.1ಕ್ಕೆ ಕರೆ ಹಚ್ಚುತ್ತದೆ. ಸರ್ವಿಸ್ ಹೆಸರು ಕೊಟ್ಟರೂ ಅದರ ಹಿಂದಿನ ಒಂದು ಪಾಡನ್ನು ಆರಿಸಿಕೊಂಡು ಇದನ್ನೇ ಮಾಡುತ್ತದೆ. ಕ್ಯೂಬ್-ಪ್ರಾಕ್ಸಿಯನ್ನಾಗಲಿ, ಸರ್ವಿಸ್‌ನ ಐಪಿಯನ್ನಾಗಲಿ ಅದು ಮುಟ್ಟುವುದೇ ಇಲ್ಲ.

ಗುನಿಕಾರ್ನ್ ಪೂರ್ವನಿಯೋಜಿತವಾಗಿ ಕಿವಿಗೊಡುವುದು 127.0.0.1ರ 8000ದಲ್ಲಿ. ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ಮತ್ತು ಗುನಿಕಾರ್ನ್ ಒಂದೇ ಯಂತ್ರದಲ್ಲಿದ್ದವು, ಸಾಕಾಯಿತು. ಪಾಡ್ ಒಳಗೆ 127.0.0.1 ಎಂದರೆ ಆ ಪಾಡ್‌ಗೆ ಮಾತ್ರ. ಪಾಡ್‌ನ ಐಪಿಗೆ ಬಂದ ಕರೆಯನ್ನು ಎತ್ತುವವರಿಲ್ಲ, ಹಾಗಾಗಿ ರೆಫ್ಯೂಸ್ಡ್. ಲ್ಯಾಪ್‌ಟಾಪ್‌ನಲ್ಲಿ ಅದು ‘ರೀಸೆಟ್’ ಎಂದು ಕಂಡದ್ದು, ಡಾಕರ್‌ನ ಪ್ರಾಕ್ಸಿ 8080ರಲ್ಲಿ ಕರೆಯನ್ನು ಎತ್ತಿಕೊಂಡು, ಆಚೆ ತುದಿಯಲ್ಲಿ ಬಾಗಿಲು ಮುಚ್ಚಿದ್ದು ತಿಳಿದ ಮೇಲೆ ಕೈಬಿಟ್ಟಿದ್ದರಿಂದ.

ಇದನ್ನು ಖಚಿತಪಡಿಸಿಕೊಂಡದ್ದು ಒಂದು ಹಂಗಾಮಿ ಪಾಡ್‌ನಿಂದ. ‘ಕ್ಯೂಬ್‌ಸಿಟಿಎಲ್ ರನ್’ ಬಳಸಿ, ಕರ್ಲ್ (ಆದೇಶದ ಸಾಲಿನಿಂದ ವೆಬ್ ಕರೆ ಮಾಡುವ ಉಪಕರಣ) ಇರುವ ಇಮೇಜ್ ಒಂದನ್ನು, ಕೆಲಸ ಮುಗಿದೊಡನೆ ಅಳಿಸಿಹೋಗುವ ‘ಆರ್‌ಎಂ’ ಫ್ಲ್ಯಾಗ್ ಮತ್ತು ‘ರೀಸ್ಟಾರ್ಟ್ ನೆವರ್’ ಜೊತೆ ಎಬ್ಬಿಸಿ, ಅದರೊಳಗಿಂದ ಸರ್ವಿಸ್‌ನ ಹೆಸರಿಗೆ ಕರೆ ಮಾಡುವುದು. ಸೇವೆಯನ್ನು ನಿಜವಾದ ಗಿರಾಕಿಯ ಜಾಗದಿಂದ ನೋಡುವ ಪರೀಕ್ಷೆ ಇದು. ಹೆಸರೇ ಬಿಡಿಸಿಕೊಳ್ಳದಿದ್ದರೆ ತಪ್ಪು ಹೆಸರಿನದು ಅಥವಾ ನೇಮ್‌ಸ್ಪೇಸ್‌ನದು. ‘ರೆಫ್ಯೂಸ್ಡ್’ ಬಂದರೆ ಎಂಡ್‌ಪಾಯಿಂಟ್‌ಸ್ಲೈಸ್ (ಸರ್ವಿಸ್ ಹಿಂದಿರುವ ಪಾಡ್‌ಗಳ ವಿಳಾಸಪಟ್ಟಿ) ನೋಡಬೇಕು. ಅದು ಖಾಲಿ ಇದ್ದರೆ ಸರ್ವಿಸ್‌ನ ಸೆಲೆಕ್ಟರ್ ಮತ್ತು ಪಾಡ್‌ನ ಲೇಬಲ್ ಹೊಂದುತ್ತಿಲ್ಲ, ಅಥವಾ ಪಾಡ್ ರೆಡಿ ಆಗಿಲ್ಲ. ಹಿಂದೆ ಯಾರೂ ಇಲ್ಲದ ಸರ್ವಿಸ್‌ಗೆ ಬಂದ ಕರೆಯನ್ನು ಕ್ಯೂಬ್-ಪ್ರಾಕ್ಸಿಯೇ ತಿರಸ್ಕರಿಸುತ್ತದೆ. ಅಲ್ಲಿ ಪಾಡ್‌ನ ಐಪಿ ಇದ್ದೂ ರೆಫ್ಯೂಸ್ಡ್ ಬಂದರೆ ತಪ್ಪು ‘ಟಾರ್ಗೆಟ್‌ಪೋರ್ಟ್’ನಲ್ಲಿದೆ (ಸರ್ವಿಸ್ ಕರೆ ಕಳಿಸುವ ಪಾಡ್‌ನ ಪೋರ್ಟ್), ಇಲ್ಲವೇ ಸೇವೆ ಕಿವಿಗೊಡುತ್ತಿರುವ ವಿಳಾಸದಲ್ಲಿ. ಈ ಪ್ರಕರಣ ಕೊನೆಯದು.

ಪರಿಹಾರ ಡಾಕರ್‌ಫೈಲ್‌ನ ಒಂದು ಸಾಲು: ಗುನಿಕಾರ್ನ್‌ಗೆ ‘ಬೈಂಡ್ 0.0.0.0:8000’ (ಎಲ್ಲ ವಿಳಾಸಗಳಲ್ಲೂ ಕಿವಿಗೊಡು) ಎಂದು ಬಿಡಿಸಿ ಹೇಳುವುದು. ‘ಪೋರ್ಟ್’ ಎಂಬ ಪರಿಸರ ಚರ (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ, ಹೆಸರಿಟ್ಟ ಮೌಲ್ಯ) ಇದ್ದರೆ ಗುನಿಕಾರ್ನ್ ತಾನಾಗಿಯೇ 0.0.0.0ರಲ್ಲಿ ಆ ಪೋರ್ಟ್ ಹಿಡಿಯುತ್ತದೆ. ಆ ಚರವನ್ನು ಒದಗಿಸುವ ಕ್ಲೌಡ್ ವೇದಿಕೆಗಳಲ್ಲಿ ಇದೇ ಇಮೇಜ್ ತಕರಾರಿಲ್ಲದೆ ಓಡುವುದು ಅದಕ್ಕೇ. ಇನ್ನೊಂದು ಮಾತು: ಡಿಪ್ಲಾಯ್‌ಮೆಂಟ್‌ನಲ್ಲಿ ಬರೆಯುವ ‘ಕಂಟೇನರ್‌ಪೋರ್ಟ್’ ಬರೀ ಮಾಹಿತಿ. ಅದು ಯಾವ ಪೋರ್ಟನ್ನೂ ತೆರೆಯುವುದಿಲ್ಲ, ಬರೆಯದಿದ್ದರೆ ಮುಚ್ಚುವುದೂ ಇಲ್ಲ. ಅದನ್ನು ತಿದ್ದುತ್ತಾ ಕೂತವರು ಬಹಳ ಮಂದಿ.

ಅದೇ ಸಾಲಿನಲ್ಲಿ ಇನ್ನೊಂದು ತಿದ್ದುಪಡಿಯೂ ಆಯಿತು. ಆದೇಶವನ್ನು ಶೆಲ್ ರೂಪದಲ್ಲಿ ಬರೆದಿದ್ದರೆ ಒಂದನೇ ಪ್ರೊಸೆಸ್ ಶೆಲ್ ಆಗಬಹುದು, ಕುಬರ್ನೆಟೀಸ್ ಕಳಿಸುವ ಸಿಗ್‌ಟರ್ಮ್ (ನಿಲ್ಲು ಎಂಬ ಸಂಕೇತ) ಗುನಿಕಾರ್ನ್‌ಗೆ ತಲುಪದೆ ಹೋಗಬಹುದು. ಆಗ ಪಾಡ್ ಪ್ರತಿ ಸಲವೂ ಪೂರ್ತಿ 30 ಸೆಕೆಂಡ್ ‘ಟರ್ಮಿನೇಟಿಂಗ್’ನಲ್ಲಿ ನಿಂತು, ಕೊನೆಗೆ ಬಲವಂತವಾಗಿ ಕೊಲ್ಲಿಸಿಕೊಳ್ಳುತ್ತದೆ. ಚೌಕ ಆವರಣದ ಪಟ್ಟಿಯ ರೂಪದಲ್ಲಿ ಬರೆದರೆ ಗುನಿಕಾರ್ನ್ ನೇರವಾಗಿ ಒಂದನೇ ಪ್ರೊಸೆಸ್.

ಗುಪ್ತಪದದ ಬಾಲದಲ್ಲಿ ಒಂದು ಹೊಸ ಸಾಲು

ಪುಟ ಬಂತು, ಹುಡುಕಿದರೆ 500 ದೋಷ. ಲಾಗ್‌ನಲ್ಲಿ ಪೋಸ್ಟ್‌ಗ್ರೆಸ್‌ನ ‘ಪಾಸ್‌ವರ್ಡ್ ಅಥೆಂಟಿಕೇಶನ್ ಫೇಲ್ಡ್’.

ಪೋಸ್ಟ್‌ಗ್ರೆಸ್ 16 ಅನ್ನು ಒಂದೇ ಪ್ರತಿಯ ಸ್ಟೇಟ್‌ಫುಲ್‌ಸೆಟ್ (ಡೇಟಾ ಉಳಿಸಿಕೊಳ್ಳಬೇಕಾದ ಪಾಡ್‌ಗಳಿಗಿರುವ ಬಗೆ) ಆಗಿ ಹಾಕಲಾಗಿತ್ತು. ಒಂದು ಗಿಬಿಬೈಟ್ ಪಿವಿಸಿ (ಡೇಟಾ ಇಡುವ ಜಾಗಕ್ಕೆ ಸಲ್ಲಿಸುವ ಕೋರಿಕೆ), ಕೈಂಡ್ ಜೊತೆಗೇ ಬರುವ ‘ಸ್ಟ್ಯಾಂಡರ್ಡ್’ ಸ್ಟೋರೇಜ್ ಕ್ಲಾಸ್. (ಪಾಡ್ ಬರುವವರೆಗೆ ಪಿವಿಸಿ ‘ಪೆಂಡಿಂಗ್’ನಲ್ಲೇ ಇರುವುದು ಸಹಜ, ಮೊದಲ ಬಳಕೆದಾರನಿಗಾಗಿ ಕಾಯುವಂತೆ ಅದನ್ನು ಹೊಂದಿಸಿರುತ್ತಾರೆ. ಒಂದು ಗಿಬಿಬೈಟ್ ಎಂಬುದೂ ಬರೀ ಬರಹ, ಆ ಮಿತಿಯನ್ನು ಇಲ್ಲಿ ಯಾರೂ ಕಾಯುವುದಿಲ್ಲ.) ಗುಪ್ತಪದ ಒಂದೇ ಸೀಕ್ರೆಟ್‌ನಿಂದ (ಗುಟ್ಟಿನ ಮೌಲ್ಯಗಳನ್ನು ಕ್ಲಸ್ಟರ್ ಇಟ್ಟುಕೊಳ್ಳುವ ಜಾಗ) ಡೇಟಾಬೇಸ್‌ಗೂ ಸೇವೆಗೂ ಹೋಗುತ್ತಿತ್ತು. ಎರಡೂ ಕಡೆ ಒಂದೇ ಮೂಲವಿದ್ದ ಮೇಲೆ ಹೊಂದಿಕೆಯಾಗದಿರಲು ಸಾಧ್ಯವೇ?

ಸೀಕ್ರೆಟ್ ತಯಾರಿಸುವಾಗ ಗುಪ್ತಪದವನ್ನು ‘ಎಕೋ’ ಮಾಡಿ ಬೇಸ್64 ಎಂಬ ಅಕ್ಷರರೂಪಕ್ಕೆ ತಿರುಗಿಸಲಾಗಿತ್ತು. ‘ಎನ್’ ಫ್ಲ್ಯಾಗ್ ಇಲ್ಲದ ಎಕೋ ಕೊನೆಯಲ್ಲಿ ಒಂದು ಹೊಸ ಸಾಲಿನ ಅಕ್ಷರ ಸೇರಿಸುತ್ತದೆ. ಡೇಟಾಬೇಸ್ ಮೊದಲ ಸಲ ಏಳುವಾಗ ಗುಪ್ತಪದವನ್ನು ಫೈಲ್‌ನ ಮೊದಲ ಸಾಲಾಗಿ ಓದಿಕೊಳ್ಳುತ್ತದೆ, ಹೊಸ ಸಾಲು ಅಲ್ಲೇ ಉದುರಿಹೋಗುತ್ತದೆ. ಸೇವೆ ಮಾತ್ರ ಅದನ್ನು ಬಾಲವಾಗಿ ಹಚ್ಚಿಕೊಂಡೇ ಕಳಿಸುತ್ತದೆ. ಮೂಲ ಒಂದೇ, ಓದುವ ಬಗೆ ಎರಡು. ಬೇಸ್64ಅನ್ನು ಬಿಡಿಸಿ ಬೈಟ್ ಎಣಿಸಿದರೆ ಒಂದು ಹೆಚ್ಚು ಸಿಗುತ್ತದೆ. ಸೀಕ್ರೆಟ್‌ನ ಯಾಮಲ್‌ನಲ್ಲಿ ‘ಡೇಟಾ’ ಬದಲು ‘ಸ್ಟ್ರಿಂಗ್‌ಡೇಟಾ’ ಬಳಸಿದರೆ ಬೇಸ್64 ಗೊಡವೆಯೇ ಇಲ್ಲ.

ಆದರೆ ಇದು ಹೊರಬರಲು ತಡವಾದದ್ದಕ್ಕೆ ಇನ್ನೊಂದು ಲೋಕಲ್‌ಹೋಸ್ಟ್ ಕಾರಣ. ಡೇಟಾಬೇಸ್ ಪಾಡ್ ಒಳಗೆ ಹೊಕ್ಕು ಪೋಸ್ಟ್‌ಗ್ರೆಸ್‌ನದೇ ಉಪಕರಣ ಪಿಎಸ್‌ಕ್ಯೂಎಲ್‌ನಿಂದ ಲೋಕಲ್‌ಹೋಸ್ಟ್‌ಗೆ ಲಾಗಿನ್ ಆಗಿ ನೋಡಿದಾಗ ಸಲೀಸಾಗಿ ಒಳಗೆ ಬಿಟ್ಟಿತು. ಪೋಸ್ಟ್‌ಗ್ರೆಸ್‌ನ ಅಧಿಕೃತ ಇಮೇಜ್‌ನಲ್ಲಿ ಪಾಡ್ ಒಳಗಿನ ಸಾಕೆಟ್ ಮತ್ತು 127.0.0.1ರಿಂದ ಬರುವವರಿಗೆ ‘ಟ್ರಸ್ಟ್’ ನಿಯಮವಿದೆ. ಯಾವ ಗುಪ್ತಪದ ಕೊಟ್ಟರೂ, ಕೊಡದಿದ್ದರೂ ನಡೆಯುತ್ತದೆ. ಹೊರಗಿನ ವಿಳಾಸದಿಂದ ಬಂದವರಿಗೆ ಮಾತ್ರ ಗುಪ್ತಪದದ ತಪಾಸಣೆ. ಗುಪ್ತಪದ ಸರಿಯಿದೆಯೇ ಎಂದು ನೋಡಬೇಕಾದರೆ ಬೇರೆ ಪಾಡ್‌ನಿಂದ, ‘ಡಿಬಿ’ ಎಂಬ ಸರ್ವಿಸ್ ಹೆಸರಿಗೇ ಹೋಗಬೇಕು.

ತಿದ್ದುವ ಭರದಲ್ಲಿ ಗುಪ್ತಪದವನ್ನೇ ಹೊಸದಾಗಿ ಬದಲಾಯಿಸಿದ್ದು ಮತ್ತೊಂದು ಸುತ್ತು ಸುತ್ತಿಸಿತು. ‘ಪೋಸ್ಟ್‌ಗ್ರೆಸ್_ಪಾಸ್‌ವರ್ಡ್’ ಚರವನ್ನು ಆ ಇಮೇಜ್ ಓದುವುದು ಡೇಟಾ ಡೈರೆಕ್ಟರಿ ಖಾಲಿ ಇದ್ದಾಗ, ಅಂದರೆ ಮೊದಲ ಸಲ ಮಾತ್ರ. ಆಮೇಲೆ ಎಷ್ಟು ಸಲ ಎಬ್ಬಿಸಿದರೂ ಡೇಟಾಬೇಸ್ ಈಗಾಗಲೇ ಇರುವಂತಿದೆ, ಆರಂಭಿಕ ಕೆಲಸ ಬಿಡುತ್ತಿದ್ದೇನೆ ಎಂದು ಲಾಗ್‌ನಲ್ಲಿ ಹೇಳಿ ಮುಂದೆ ಹೋಗುತ್ತದೆ. ಸ್ಟೇಟ್‌ಫುಲ್‌ಸೆಟ್ ಅಳಿಸಿ ಹಾಕಿದರೂ ಪಿವಿಸಿ ಉಳಿಯುತ್ತದೆ, ಹಳೆ ಗುಪ್ತಪದವೂ ಅದರ ಜೊತೆಗೆ. ಪಾಡ್ ಒಳಗಿಂದ, ಆ ಟ್ರಸ್ಟ್ ನಿಯಮದ ಕೃಪೆಯಲ್ಲೇ, ‘ಆಲ್ಟರ್ ಯೂಸರ್’ ಕೊಟ್ಟು ಬದಲಿಸುವುದು ನೇರ ದಾರಿ. ಡೇಟಾ ಬೇಡವಾದರೆ ಪಿವಿಸಿಯನ್ನೂ ಅಳಿಸಬಹುದು. ಪೋಸ್ಟ್‌ಗ್ರೆಸ್ 18ರ ಇಮೇಜ್ ಬಳಸುವವರು ಮೌಂಟ್ ಜಾಗವನ್ನೂ ಗಮನಿಸಬೇಕು: 17ರವರೆಗೆ ಮೌಂಟ್ ಮಾಡುತ್ತಿದ್ದದ್ದು ಕೊನೆಯಲ್ಲಿ ‘ಡೇಟಾ’ ಇರುವ ಡೈರೆಕ್ಟರಿಗೆ, 18ರಿಂದ ಅದರ ಒಂದು ಮೆಟ್ಟಿಲು ಮೇಲೆ.

ನಿನ್ನೆ ಓಡಿದ್ದು ಇಂದು ಏಕೆ ಬಿತ್ತು

ಸೇವೆ ನಿಂತ ಮೇಲೆ ರೆಡಿಸ್ ಸೇರಿಸಲಾಯಿತು: ಒಂದು ಡಿಪ್ಲಾಯ್‌ಮೆಂಟ್, ‘ರೆಡಿಸ್’ ಎಂಬ ಹೆಸರಿನ ಒಂದು ಸರ್ವಿಸ್, ಪೋರ್ಟ್ 6379. ಸೇವೆಯ ಕೋಡ್ ಮೊದಲಿನಿಂದಲೂ ‘ರೆಡಿಸ್_ಪೋರ್ಟ್’ ಎಂಬ ಚರ ಇದ್ದರೆ ಓದಿ ಪೂರ್ಣಾಂಕ ಮಾಡಿಕೊಳ್ಳುತ್ತಿತ್ತು, ಇಲ್ಲದಿದ್ದರೆ 6379 ಎಂದು ಹಿಡಿಯುತ್ತಿತ್ತು. ಆಗಲೇ ಓಡುತ್ತಿದ್ದ ಸೇವೆ ಯಾವ ತಕರಾರೂ ಇಲ್ಲದೆ ರೆಡಿಸ್ ಬಳಸತೊಡಗಿತು. ಮುಂದೊಂದು ಸಲ, ಬೇರೆ ಯಾವುದೋ ಸಣ್ಣ ಬದಲಾವಣೆಗೆ ‘ರೋಲ್‌ಔಟ್ ರೀಸ್ಟಾರ್ಟ್’ ಮಾಡಿದಾಗ ಹೊಸ ಪಾಡ್ ‘ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್’ಗೆ, ಅಂದರೆ ಎದ್ದು ಮತ್ತೆ ಮತ್ತೆ ಬೀಳುವ ಸ್ಥಿತಿಗೆ, ಬಿತ್ತು. 10 ಸೆಕೆಂಡ್, 20, 40 ಎಂದು ಅಂತರ ಇಮ್ಮಡಿಯಾಗುತ್ತಾ 5 ನಿಮಿಷದವರೆಗೆ ಹೋಗುವ ಆ ಕಾಯುವಿಕೆ ಗೊತ್ತಿರುವುದೇ. ಕೋಡ್ ಬದಲಾಗಿಲ್ಲ, ಇಮೇಜ್ ಬದಲಾಗಿಲ್ಲ, ಯಾಮಲ್‌ನಲ್ಲಿ ರೆಡಿಸ್‌ಗೆ ಸಂಬಂಧಿಸಿದ ಒಂದಕ್ಷರವೂ ಬದಲಾಗಿಲ್ಲ.

‘ಲಾಗ್ಸ್’ ಆದೇಶಕ್ಕೆ ‘ಪ್ರೀವಿಯಸ್’ ಫ್ಲ್ಯಾಗ್ ಹಚ್ಚಿದರೆ ಸತ್ತ ಕಂಟೇನರ್‌ನ ಕೊನೆಯ ಮಾತು ಸಿಗುತ್ತದೆ. ಅಲ್ಲಿದ್ದದ್ದು ‘ಟಿಸಿಪಿ://10.96.140.7:6379’ ಎಂಬುದನ್ನು ಪೂರ್ಣಾಂಕ ಮಾಡಲಾಗದು ಎಂಬ ಪೈಥಾನ್ ದೋಷ, ಅದರ ಕೆಳಗೆ ಗುನಿಕಾರ್ನ್‌ನ ‘ವರ್ಕರ್ ಫೇಲ್ಡ್ ಟು ಬೂಟ್’, ನಿರ್ಗಮನ ಸಂಖ್ಯೆ 3.

ಆ ಮೌಲ್ಯವನ್ನು ಯಾರೂ ಬರೆದಿರಲಿಲ್ಲ. ಬರೆದದ್ದು ಕ್ಯೂಬ್‌ಲೆಟ್. ಪಾಡ್‌ನ ಕಂಟೇನರ್ ಶುರುವಾಗುವ ಹೊತ್ತಿಗೆ ಆ ನೇಮ್‌ಸ್ಪೇಸ್‌ನಲ್ಲಿ ಇರುವ ಪ್ರತಿ ಸರ್ವಿಸ್‌ಗೂ ಅದು ಕೆಲವು ಪರಿಸರ ಚರಗಳನ್ನು ತುಂಬುತ್ತದೆ. ಡಾಕರ್‌ನ ಹಳೆಯ ಲಿಂಕ್‌ಗಳ ಕಾಲದಿಂದ ಉಳಿದುಬಂದ ಪದ್ಧತಿ. ಸರ್ವಿಸ್ ಹೆಸರು ‘ರೆಡಿಸ್’ ಆದರೆ ‘ರೆಡಿಸ್_ಸರ್ವಿಸ್_ಹೋಸ್ಟ್’, ‘ರೆಡಿಸ್_ಸರ್ವಿಸ್_ಪೋರ್ಟ್’, ಜೊತೆಗೆ ಬರೀ ‘ರೆಡಿಸ್_ಪೋರ್ಟ್’. ಕೊನೆಯದರ ಮೌಲ್ಯ ಸಂಖ್ಯೆಯಲ್ಲ, ಪೂರ್ತಿ ವಿಳಾಸ. ಮೊದಲ ಪಾಡ್ ಹುಟ್ಟಿದಾಗ ರೆಡಿಸ್ ಸರ್ವಿಸ್ ಇನ್ನೂ ಇರಲಿಲ್ಲ, ಹಾಗಾಗಿ ಆ ಚರವೂ ಇರಲಿಲ್ಲ. ಎರಡನೆಯದು ಹುಟ್ಟಿದಾಗ ಇತ್ತು. ಈ ಇಡೀ ಪ್ರಕರಣದಲ್ಲಿ ಅತಿ ಕುಟಿಲವಾದದ್ದು ಇದೇ, ಏಕೆಂದರೆ ಕಾರಣಕ್ಕೂ ಪರಿಣಾಮಕ್ಕೂ ನಡುವೆ ದಿನಗಟ್ಟಲೆ ಅಂತರ ಇರಬಹುದು.

ಮೂರು ಪರಿಹಾರಗಳಿವೆ. ಪಾಡ್‌ನ ವಿವರಣೆಯಲ್ಲಿ ‘ಎನೇಬಲ್‌ಸರ್ವಿಸ್‌ಲಿಂಕ್ಸ್’ ಅನ್ನು ‘ಫಾಲ್ಸ್’ ಮಾಡುವುದು ಒಂದು. ‘ರೆಡಿಸ್_ಪೋರ್ಟ್’ ಅನ್ನು ಕಾನ್ಫಿಗ್‌ಮ್ಯಾಪ್‌ನಲ್ಲಿ (ಸಂರಚನೆಯ ಮೌಲ್ಯಗಳನ್ನು ಇಡುವ ಜಾಗ) ಕೈಯಾರೆ 6379 ಎಂದು ಬರೆಯುವುದು ಇನ್ನೊಂದು. ನಾವು ಕೊಟ್ಟದ್ದಿದ್ದರೆ ಕ್ಯೂಬ್‌ಲೆಟ್ ತನ್ನದನ್ನು ತುಂಬುವುದಿಲ್ಲ. ಚರದ ಹೆಸರನ್ನೇ ‘ಕ್ಯಾಶ್_ಪೋರ್ಟ್’ ಎಂದು ಬದಲಿಸುವುದು ಮೂರನೆಯದು. ಇಲ್ಲಿ ಮೊದಲೆರಡನ್ನೂ ಮಾಡಲಾಯಿತು. ಹೆಸರು ಹುಡುಕಲು ಡಿಎನ್ಎಸ್ ಇರುವಾಗ ಈ ತುಂಬುವಿಕೆಯಿಂದ ಯಾವ ಲಾಭವೂ ಇಲ್ಲ. ಹೊಸ ಸೇವೆಗಳಲ್ಲಿ ಅದನ್ನು ಆರಂಭದಲ್ಲೇ ನಿಲ್ಲಿಸಿಬಿಡುವುದು ಒಳ್ಳೆಯದು.

ಕಾನ್ಫಿಗ್‌ಮ್ಯಾಪ್ ವಿಷಯ ಬಂದದ್ದರಿಂದ: ಅದನ್ನು ಪರಿಸರ ಚರಗಳಾಗಿ ಬಳಸಿದಾಗ ತಿದ್ದುಪಡಿ ಓಡುತ್ತಿರುವ ಪಾಡ್‌ಗೆ ಎಂದಿಗೂ ತಲುಪುವುದಿಲ್ಲ, ರೀಸ್ಟಾರ್ಟ್ ಮಾಡಲೇಬೇಕು. ಫೈಲ್ ಆಗಿ ಮೌಂಟ್ ಮಾಡಿದ್ದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಬದಲಾಗುತ್ತದೆ. ಆದರೆ ‘ಸಬ್‌ಪಾತ್’ ಬಳಸಿ ಒಂದೇ ಫೈಲ್ ಮೌಂಟ್ ಮಾಡಿದ್ದರೆ ಅದೂ ಇಲ್ಲ.

ಪ್ರೋಬ್ ಮತ್ತು ಮೆಮೊರಿ

ಸೇವೆ ಯಾರ ಕರೆಯನ್ನೂ ಎತ್ತದಿದ್ದಾಗಲೂ ಪಾಡ್ 1/1 ಎಂದದ್ದು ನೆನಪಿರಲಿ. ರೆಡಿನೆಸ್ ಪ್ರೋಬ್ (ಕೆಲಸಕ್ಕೆ ಸಿದ್ಧವೇ ಎಂದು ಆಗಾಗ ಕೇಳುವ ಪರೀಕ್ಷೆ) ಬರೆಯದಿದ್ದರೆ ಕಂಟೇನರ್ ಶುರುವಾದ ಕ್ಷಣವೇ ಅದು ರೆಡಿ. ಪ್ರೋಬ್ ಇದ್ದಿದ್ದರೆ ಕ್ಯೂಬ್‌ಲೆಟ್ ಪಾಡ್‌ನ ಐಪಿಗೇ ಕರೆ ಮಾಡಿ, ಬೈಂಡ್ ದೋಷವನ್ನು ಮೊದಲ ಅರ್ಧ ನಿಮಿಷದಲ್ಲೇ ಈವೆಂಟ್‌ನಲ್ಲಿ ಬರೆಯುತ್ತಿತ್ತು. ರೆಡಿಸ್ ಪ್ರಕರಣದಲ್ಲೂ ಅಷ್ಟೇ: ಎರಡು ಪ್ರತಿಗಳ ಡಿಪ್ಲಾಯ್‌ಮೆಂಟ್‌ನಲ್ಲಿ, ಒಮ್ಮೆಗೆ ಎಷ್ಟು ಪಾಡ್ ಕಡಿಮೆಯಾಗಬಹುದು ಎಂಬ ಪೂರ್ವನಿಯೋಜಿತ 25 ಪ್ರತಿಶತದ ಲೆಕ್ಕ ಸೊನ್ನೆಗೆ ಇಳಿದು, ಹೊಸ ಪಾಡ್ ರೆಡಿಯಾಗುವವರೆಗೆ ಹಳೆಯ ಎರಡನ್ನೂ ಮುಟ್ಟುವುದಿಲ್ಲ. ಪ್ರೋಬ್ ಇಲ್ಲದಿದ್ದರೆ ಬೀಳಲಿರುವ ಪಾಡ್ ಕೂಡ ಬೀಳುವ ಮೊದಲಿನ ಒಂದು ಕ್ಷಣ ರೆಡಿ ಅನ್ನಿಸಿಕೊಂಡು, ಹಳೆಯದರ ಜೀವ ತೆಗೆಸುತ್ತದೆ.

ಪ್ರೋಬ್ ಹಾಕಿದ ಮೇಲೆ ಇನ್ನೊಂದು ತಾಪತ್ರಯ. ಲೈವ್‌ನೆಸ್‌ಗೂ (ಜೀವಂತವಿದೆಯೇ ಎಂಬ ಪರೀಕ್ಷೆ, ಸೋತರೆ ಮರುಚಾಲನೆ) ರೆಡಿನೆಸ್‌ಗೂ ಒಂದೇ ವಿಳಾಸ ಕೊಟ್ಟಿದ್ದರಿಂದ, ಹುಡುಕಾಟ ಹೆಚ್ಚಾದಾಗ ಪಾಡ್ ತಾನಾಗಿ ಮರುಚಾಲನೆ ಆಗತೊಡಗಿತು. ಗುನಿಕಾರ್ನ್ ಪೂರ್ವನಿಯೋಜಿತವಾಗಿ ಒಂದೇ ವರ್ಕರ್, ಒಮ್ಮೆಗೆ ಒಂದೇ ವಿನಂತಿ. ಇಂಡೆಕ್ಸ್ ಇಲ್ಲದ ನಿಧಾನ ಹುಡುಕಾಟಗಳು ಸಾಲುಗಟ್ಟಿದಾಗ ಪ್ರೋಬ್ ಕೂಡ ಅದೇ ಸಾಲಿನಲ್ಲಿ ನಿಲ್ಲುತ್ತದೆ. ಪ್ರೋಬ್‌ನ ಪೂರ್ವನಿಯೋಜಿತ ತಾಳ್ಮೆ ಒಂದು ಸೆಕೆಂಡ್, 10 ಸೆಕೆಂಡಿಗೊಮ್ಮೆ ವಿಚಾರಣೆ, ಮೂರು ಸೋಲಿಗೆ ಮರುಚಾಲನೆ. ಕೆಲಸ ಹೆಚ್ಚಾಗಿದೆ ಎಂಬ ಕಾರಣಕ್ಕೆ ಕೆಲಸಗಾರನನ್ನೇ ಮುಗಿಸುವ ವ್ಯವಸ್ಥೆ. ಕೊನೆಗೆ ನಿಂತ ಹೊಂದಿಕೆ: ಎರಡು ವರ್ಕರ್, ತಲಾ ನಾಲ್ಕು ಥ್ರೆಡ್, ಲೈವ್‌ನೆಸ್‌ಗೆ ಡೇಟಾಬೇಸ್ ಮುಟ್ಟದ ಒಂದು ಸರಳ ವಿಳಾಸ, ತಾಳ್ಮೆ 5 ಸೆಕೆಂಡ್, ಆರು ಸೋಲು, ರೆಡಿನೆಸ್‌ಗೆ ಡೇಟಾಬೇಸ್‌ನಲ್ಲಿ ‘ಸೆಲೆಕ್ಟ್ 1’ ಕೇಳುವ ಇನ್ನೊಂದು, ತಾಳ್ಮೆ 3 ಸೆಕೆಂಡ್. ಲೈವ್‌ನೆಸ್‌ನಲ್ಲಿ ಡೇಟಾಬೇಸ್ ಬೇಡವೇ ಬೇಡ. ಡೇಟಾಬೇಸ್ ಮಲಗಿದರೆ ಸೇವೆಯನ್ನು ಕೊಂದು ಎಬ್ಬಿಸುವುದರಿಂದ ಅದು ಏಳುವುದಿಲ್ಲ.

ಮೆಮೊರಿ ಮಿತಿಯನ್ನು ಮೊದಲು 64 ಮೆಬಿಬೈಟ್ ಇಡಲಾಗಿತ್ತು. ಎರಡನೇ ವರ್ಕರ್ ಬಂದೊಡನೆ ‘ಊಮ್‌ಕಿಲ್ಡ್’ (ಮೆಮೊರಿ ಮಿತಿ ಮೀರಿ ಸತ್ತದ್ದು), ನಿರ್ಗಮನ ಸಂಖ್ಯೆ 137. ಸಿಗ್ರೂಪ್ 2 (ಲಿನಕ್ಸ್‌ನಲ್ಲಿ ಮೆಮೊರಿ ಮುಂತಾದವಕ್ಕೆ ಮಿತಿ ಹಾಕುವ ವ್ಯವಸ್ಥೆಯ ಎರಡನೇ ಆವೃತ್ತಿ) ಇರುವ ಯಂತ್ರದಲ್ಲಿ ಕುಬರ್ನೆಟೀಸ್ 1.28ರಿಂದ ಈಚೆಗೆ ಕಂಟೇನರ್‌ನ ಎಲ್ಲ ಪ್ರೊಸೆಸ್‌ಗಳೂ ಒಟ್ಟಿಗೆ ಹೋಗುತ್ತವೆ. ಅದಕ್ಕೂ ಹಿಂದಿನದರಲ್ಲಿ ಒಂದು ವರ್ಕರ್ ಮಾತ್ರ ಸತ್ತು, ಪಾಡ್ ಆರೋಗ್ಯವಾಗಿಯೇ ಕಂಡು, ಲಾಗ್‌ನಲ್ಲಿ ‘ವರ್ಕರ್‌ಗೆ ಸಿಗ್‌ಕಿಲ್ ಬಂತು, ಬಹುಶಃ ಮೆಮೊರಿ ಮುಗಿದಿರಬೇಕು’ ಎಂಬರ್ಥದ ಸಾಲಷ್ಟೇ ಸಿಗುತ್ತಿತ್ತು. ಮಿತಿ 256 ಮೆಬಿಬೈಟ್‌ಗೆ, ಕೋರಿಕೆ 128ಕ್ಕೆ ಏರಿತು. ಸಂಖ್ಯೆಯ ಮುಂದೆ ‘ಎಂಐ’ ಬರೆಯುವಲ್ಲಿ ಬರೀ ಸಣ್ಣ ‘ಎಂ’ ಬರೆದರೆ ಅದು ಮಿಲಿ ಎಂದಾಗುತ್ತದೆ: 128 ಮಿಲಿಬೈಟ್, ಅಂದರೆ ಬೈಟ್‌ನ ಸುಮಾರು ಎಂಟನೇ ಒಂದು ಭಾಗದಷ್ಟು ಮೆಮೊರಿ. ಸಿಪಿಯುಗೆ ಅದೇ ‘ಎಂ’ ಸರಿ. 100 ಎಂ ಎಂದರೆ ಒಂದು ಕೋರ್‌ನ ಹತ್ತನೇ ಒಂದು ಪಾಲು.

ಎಲ್ಲ ಸರಿಯಾದ ಮೇಲೂ ‘ಕೊ’, ‘ಕೋ’ ಇರುವ ಕೆಲವು ಶೀರ್ಷಿಕೆಗಳು ಹುಡುಕಾಟದಲ್ಲಿ ಸಿಗುತ್ತಿರಲಿಲ್ಲ. ಇದು ಕ್ಲಸ್ಟರ್‌ನ ತಪ್ಪಲ್ಲ. ಯೂನಿಕೋಡ್‌ನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬೈಟ್‌ಗಳು ಬೇರೆ. ಸೇರಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದರೆ ಸರಿ. ಪೋಸ್ಟ್‌ಗ್ರೆಸ್ 13ರಿಂದ ಇದಕ್ಕೆ ‘ನಾರ್ಮಲೈಜ್’ ಎಂಬ ಫಂಕ್ಷನ್ ಒಳಗೇ ಇದೆ.

ಕ್ಲಸ್ಟರ್ ಅಳಿಸುವ ಮುನ್ನ

ಕೊನೆಯಲ್ಲಿ ಉಳಿದದ್ದು ಸುರಕ್ಷತೆಯ ಒಂದು ಲೋಪ. ಕೈಂಡ್‌ನ ಪೋರ್ಟ್ ಜೋಡಣೆಯಲ್ಲಿ ‘ಲಿಸನ್‌ಅಡ್ರೆಸ್’ ಬರೆಯದಿದ್ದರೆ ಅದು 0.0.0.0. ಪಾಡ್ ಒಳಗೆ ಬೇಕಿದ್ದ ವಿಳಾಸ ಲ್ಯಾಪ್‌ಟಾಪ್ ಮೇಲೆ ಬೇಡದ್ದು: ಅದೇ ವೈಫೈನಲ್ಲಿರುವ ಯಾರು ಬೇಕಾದರೂ 8080ಕ್ಕೆ ಬರಬಹುದು. ಇಲ್ಲಿ 127.0.0.1 ಎಂದೇ ಬರೆಯಬೇಕು. ಆದರೆ ಪೋರ್ಟ್ ಜೋಡಣೆ ಕ್ಲಸ್ಟರ್ ಹುಟ್ಟುವಾಗ ನಿಂತುಹೋಗುತ್ತದೆ; ಆಮೇಲೆ ತಿದ್ದಲು ದಾರಿಯಿಲ್ಲ, ಅಳಿಸಿ ಮತ್ತೆ ಕಟ್ಟಬೇಕು. ಡೇಟಾ ಇರುವುದು ನೋಡ್ ಕಂಟೇನರ್‌ನ ಒಳಗಿನ ಡೈರೆಕ್ಟರಿಯಲ್ಲಾದ್ದರಿಂದ ‘ಕೈಂಡ್ ಡಿಲೀಟ್ ಕ್ಲಸ್ಟರ್’ ಪಿವಿಸಿ ಸಮೇತ ಎಲ್ಲವನ್ನೂ ಒಯ್ಯುತ್ತದೆ.

ಮೊದಲು ‘ಕ್ಯೂಬ್‌ಸಿಟಿಎಲ್ ಎಕ್ಸೆಕ್’ ಮೂಲಕ ಡೇಟಾಬೇಸ್‌ನ ‘ಡಿಬಿ-0’ ಪಾಡ್‌ನಲ್ಲಿ, ಡೇಟಾದ ಪ್ರತಿ ತೆಗೆಯುವ ಪಿಜಿ-ಡಂಪ್ ಅನ್ನು ಕಸ್ಟಮ್ ರೂಪದಲ್ಲಿ ಓಡಿಸಿ, ಬಂದದ್ದನ್ನು ಲ್ಯಾಪ್‌ಟಾಪ್‌ನ ಫೈಲ್‌ಗೆ ತಿರುಗಿಸಬೇಕು. ಇಲ್ಲಿ ಅಭ್ಯಾಸಬಲದಿಂದ ‘ಐಟಿ’ ಫ್ಲ್ಯಾಗ್ ಹಾಕಬೇಡಿ; ಟರ್ಮಿನಲ್ ನಡುವೆ ಬಂದರೆ ಸಾಲಿನ ಕೊನೆಗಳು ಬದಲಾಗಿ ಬೈನರಿ ಫೈಲ್ ಕೆಡುತ್ತದೆ, ಕೆಟ್ಟದ್ದು ಮರಳಿ ತುಂಬುವಾಗಲೇ ಗೊತ್ತಾಗುವುದು. ಹಾಗಾಗಿ ಅಳಿಸುವ ಮೊದಲೇ ಆ ಫೈಲ್ ಮೇಲೆ, ಪ್ರತಿಯನ್ನು ಮರಳಿ ತುಂಬುವ ಪಿಜಿ-ರೀಸ್ಟೋರ್‌ಗೆ ಪಟ್ಟಿ ತೋರಿಸುವ ಫ್ಲ್ಯಾಗ್ ಕೊಟ್ಟು, ಕೋಷ್ಟಕಗಳ ಹೆಸರು ಬರುತ್ತವೆಯೇ ನೋಡಿ. ಆ ಪಟ್ಟಿ ಫೈಲ್‌ನ ತಲೆಭಾಗವನ್ನಷ್ಟೇ ಓದುತ್ತದೆ, ಆದ್ದರಿಂದ ಒಂದು ಖಾಲಿ ಡೇಟಾಬೇಸ್‌ಗೆ ಪೂರ್ತಿ ತುಂಬಿ ಸಾಲುಗಳನ್ನು ಎಣಿಸಿದರೆ ಇನ್ನೂ ಖಾತ್ರಿ. ಹೊಸ ಕ್ಲಸ್ಟರ್ ಎದ್ದ ಮೇಲೆ ಇಮೇಜನ್ನು ಮತ್ತೆ ಲೋಡ್ ಮಾಡಿ, ನೇಮ್‌ಸ್ಪೇಸ್, ಸೀಕ್ರೆಟ್, ಡೇಟಾಬೇಸ್ ಈ ಕ್ರಮದಲ್ಲಿ ಹಾಕಿ, ‘ಡಿಬಿ-0’ ರೆಡಿಯಾಗುವವರೆಗೆ ಕಾದು, ಎಕ್ಸೆಕ್‌ಗೆ ‘ಐ’ ಫ್ಲ್ಯಾಗ್ ಒಂದನ್ನೇ ಕೊಟ್ಟು ಪಿಜಿ-ರೀಸ್ಟೋರ್ ಮಾಡುವುದು. ರೆಡಿಸ್‌ಗೆ ಈ ಉಪಚಾರ ಬೇಕಿಲ್ಲ, ಹುಡುಕಾಟ ನಡೆದಂತೆ ಅದು ತಾನೇ ತುಂಬಿಕೊಳ್ಳುತ್ತದೆ. ಆಮೇಲಷ್ಟೇ ಸೇವೆ. ಎದ್ದ ಮೇಲೆ ಪರೀಕ್ಷೆ ಹಂಗಾಮಿ ಪಾಡ್‌ನಿಂದ ಸರ್ವಿಸ್ ಹೆಸರಿಗೆ ಒಂದು, ಬ್ರೌಸರ್‌ನಿಂದ 8080ಕ್ಕೆ ಒಂದು, ಅದೇ ವೈಫೈನಲ್ಲಿರುವ ಫೋನ್‌ನಿಂದ ಲ್ಯಾಪ್‌ಟಾಪ್‌ನ ಐಪಿಗೆ ಇನ್ನೊಂದು. ಮೂರನೆಯದು ಸೋಲಬೇಕು.